ಕಾರ್ಣಿಕ ನಿಜ ಆಗುತ್ತಾ ಅಂತ ಕೇಳೋರಿಗೆ

ನಮ್ಮೂರು ಹಾವೇರಿ ಕಡೆ ಅಂತ ಗೊತ್ತಾದ್ರೆ ಸಾಕು, ಭರತ ಹುಣ್ಣಿಮೆ ಹತ್ರ ಬಂದಾಗಂತೂ ಆಫೀಸಲ್ಲಿ ಯಾರಾದ್ರೊಬ್ರು ಕೇಳೇ ಕೇಳ್ತಾರೆ, ಮೈಲಾರದ ಕಾರ್ಣಿಕ, ಅಂದ್ರೆ ಜಾತ್ರೇಲಿ ವರ್ಷಕ್ಕೊಮ್ಮೆ ನುಡಿಯೋ ಒಂದು ಸಾಲಿನ ದೈವವಾಣಿ, ನಿಜ ಆಗುತ್ತಾ ಅಂತ. ಕ್ಯಾಂಟೀನಲ್ಲಿ ನಿಂತ್ಕೊಂಡು ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲೂಕಿನ ಮೈಲಾರ, ಅಲ್ಲಿ ಡೆಂಕನಮರಡಿ ಅನ್ನೋ ಬಯಲು. ಉಪವಾಸ ವ್ರತದಲ್ಲಿದ್ದ ಗೊರವಯ್ಯ, ಅಂದ್ರೆ ಮೈಲಾರಲಿಂಗನ ಸೇವೆಗೆ ನಿಂತ ಭಕ್ತ, ಎತ್ತರದ ಬಿಲ್ಲು ಏರಿ ಆಕಾಶ ನೋಡಿ "ಸದ್ದಲೇ" ಅಂತಾರೆ, ಸುಮ್ನಿರಿ ಅಂತ. ಅಲ್ಲೀತನಕ ಏಳುಕೋಟಿ ಏಳುಕೋಟಿಗೋ ಅಂತ ಕೂಗ್ತಿದ್ದ ಲಕ್ಷಗಟ್ಟಲೆ ಜನ ಒಮ್ಮೆಗೇ ಗಪ್. ಒಂದೇ ಸಾಲು ಹೇಳಿ ಮೇಲಿಂದ ಕೆಳಗೆ ಬೀಳ್ತಾರೆ, ಕೆಳಗಿದ್ದೋರು ಹಿಡ್ಕೋತಾರೆ. ಸಣ್ಣವನಿದ್ದಾಗ ಸೋದರಮಾವನ ಹೆಗಲ ಮೇಲೆ ಕೂತು ನೋಡಿದ್ದೆ, ಆ ವರ್ಷದ ಸಾಲು ಮರೆತೋಗಿದೆ, ಆದ್ರೆ ಅಷ್ಟು ಜನರ ನಡುವೆ ದೂರದ ಚಕ್ಕಡಿ ಎತ್ತಿನ ಕೊರಳ ಗೆಜ್ಜೆ ಕೇಳಿಸಿದ್ದು ಈಗ್ಲೂ ಕಿವೀಲಿದೆ.

ಸಾಲುಗಳನ್ನ ಗಮನಿಸಿ. 2023ರಲ್ಲಿ "ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್", 2024ರಲ್ಲಿ "ಸಂಪಾಯಿತಲೇ ಪರಾಕ್" (ಚೆನ್ನಾಯ್ತು ಅಂತ), 2025ರಲ್ಲಿ "ತುಂಬಿದ ಕೊಡ ತುಳುಕಿತಲೇ ಪರಾಕ್". ಹಳಸಿತು, ಬೀಸಿತು, ತುಳುಕಿತು, ಎಲ್ಲಾ ಆಗಿಹೋದ ಮಾತು! ಮುಂದೆ ಹಿಂಗಾಗುತ್ತೆ ಅಂತ ಇಲ್ವೇ ಇಲ್ಲ, ಯಾರ ಕೊಡ ಯಾವ ಊರಿನ ಅಂಬಲಿ ಅಂತಾನೂ ಇಲ್ಲ. ಅದ್ರಲ್ಲೂ ತುಂಬಿದ ಕೊಡ ತುಳುಕೋದಿಲ್ಲ ಅಂತ ಗಾದೆ ಕೇಳ್ಕೊಂಡು ಬೆಳೆದ ಕಿವಿಗೆ ತುಳುಕಿತು ಅಂತ ಬಿದ್ರೆ ಯೋಚನೆ ಶುರುವಾಗ್ಲೇಬೇಕು, ಯಾಕೆ ತುಳುಕ್ತು, ಎಲ್ಲಿ ತುಳುಕ್ತು ಅಂತ.

ಇದನ್ನ ಗ್ರೀಸಿನ ಡೆಲ್ಫಿ ಜೊತೆ ಹೋಲಿಸಿ ನೋಡಿ, ಹಿಂದೆ ಅಲ್ಲಿನ ದೇವಸ್ಥಾನದಲ್ಲೂ ದೈವವಾಣಿ ಹೇಳ್ತಿದ್ರು. ಲಿಡಿಯಾದ ರಾಜ ಕ್ರೀಸಸ್ ಪರ್ಷಿಯಾ ಮೇಲೆ ದಂಡೆತ್ತಿ ಹೋಗ್ಲಾ ಅಂತ ಕೇಳಿಸಿದ, ಹೋದ್ರೆ ಒಂದು ದೊಡ್ಡ ರಾಜ್ಯ ಬೀಳುತ್ತೆ ಅಂತ ಉತ್ತರ ಬಂತಂತೆ, ಹೋದ, ಬಿದ್ದಿದ್ದು ಅವನದ್ದೇ. ಅವನು ಕಾಣಿಕೆ ಕೊಟ್ಟು ತನ್ನೊಬ್ಬನ ವಿಷಯ ಕೇಳಿದ್ದ. ಮೈಲಾರದಲ್ಲಿ ಹಾಗೆ ಯಾರೂ ಪ್ರಶ್ನೆ ಹಾಕಲ್ಲ, ಮಾತು ಎಲ್ಲರ ಮೇಲೂ ಮಳೆ ಥರ ಬೀಳುತ್ತೆ, ಹೊಲ ಇದ್ದೋರು ಹೊಲಕ್ಕೆ ತಗೋತಾರೆ, ರಾಜಕೀಯದೋರು ಕುರ್ಚಿಗೆ. ಟಿವೀಲಿ ಅರ್ಧ ಗಂಟೇಲೇ ಸರ್ಕಾರದ ಕಥೆ ಮಾಡ್ಬಿಡ್ತಾರಲ್ಲ, ಅದು ನೋಡಿದ್ರೆ ನಂಗೆ ಸಂಕಟ ಆಗುತ್ತೆ, ಒಂದು ವರ್ಷ ಮನಸಲ್ಲಿಟ್ಕೊಂಡು ತಿರುಗಾಡ್ಬೇಕಾದ ಮಾತು ಅದು.

ಹಾಗಾಗಿ ನಿಜ ಆಗುತ್ತಾ ಅಂದ್ರೆ, ಕೇಳಿಸ್ಕೊಂಡೋರು ಅದನ್ನ ಏನ್ಮಾಡಿದ್ರು ಅಂತ ನೋಡ್ಬೇಕು ಅಂತೀನಿ ನಾನು. 2025ರಲ್ಲಿ ಸಾಲು ಬಂದ ಸಂಜೆ ಮಾವಂಗೆ ಫೋನ್ ಮಾಡಿದ್ದೆ. "ಕೊಡ ತುಳುಕ್ತಂದ್ರ ಮಳಿ ಜೋರ ಐತೋ ಏನೋ, ಕೆಳಗಿನ ಹೊಲದಾಗ ನೀರ ನಿಂತ್ರ ಗೋವಿನಜೋಳ ಕೊಳೀತೈತಿ, ಬಸಿಗಾಲುವಿ ತಗಸ್ತೇನಿ" ಅಂದ್ರು. ಆಗಿನ್ನೂ ಮಾಘದ ಬಿಸಿಲು, ಮಳೆಗಾಲಕ್ಕೆ ಮೂರ್ನಾಲ್ಕು ತಿಂಗಳು ಬಾಕಿ. ಯುಗಾದಿಗೆ ಊರಿಗೆ ಹೋದಾಗ ನೋಡಿದ್ರೆ ಬದುವಿನ ಉದ್ದಕ್ಕೂ ಕಾಲುವೆ ತೋಡಿಸಿ ಮುಗಿಸಿದ್ರು.