ಗಂಡ ಹೆಂಡತಿ ಒಟ್ಟಿಗೇ ಮಿಷನ್ ಸೇವೆಗೆ ಹೋದರೆ ಸಂಸಾರ ಹೇಗಿರುತ್ತೆ?

ಶಿವಮೊಗ್ಗದಲ್ಲಿ ಭಾನುವಾರದ ಆರಾಧನೆ ಮುಗಿಸಿ ಹೊರಗೆ ಬಂದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ವಯಸ್ಸಾದವರು "ಅಷ್ಟು ದೂರದಲ್ಲಿ ಇಬ್ರೇ ಹೇಗಿದ್ರಮ್ಮ?" ಎನ್ನುತ್ತಾರೆ. ಹೊಸದಾಗಿ ಮದುವೆಯಾದವರದು ಬೇರೆ ಧಾಟಿ. "ಅಕ್ಕ, ಇಬ್ರೂ ದೇವರ ಕೆಲಸದಲ್ಲೇ ಇದ್ರೆ ಜಗಳಕ್ಕೆ ಜಾಗವೇ ಇರಲ್ಲ ಅಲ್ವಾ?"

ಇರುತ್ತೆ. ಊರಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ ಇರುತ್ತೆ.

ನಾನು ನರ್ಸ್. ಆಫ್ರಿಕಾದ ಮಲಾವಿ ದೇಶದಲ್ಲಿ, ಬ್ಲಾಂಟೈರ್ ಪಟ್ಟಣದಿಂದ ಆಚೆ ಟೀ ತೋಟಗಳ ಗುಡ್ಡಗಾಡಿನಲ್ಲಿ, ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಯಜಮಾನರು ಇಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅದನ್ನು ಬಿಟ್ಟು ನನ್ನ ಜೊತೆ ಹೊರಟರು. "ಹೆಂಡ್ತಿ ಹಿಂದೆ ಹೋದ" ಎಂದು ನೆಂಟರು ಆಡಿಕೊಂಡರು, ಅದು ಇರಲಿ. ನನಗೆ ಬಂದ ಪತ್ರದಲ್ಲಿ ಕೆಲಸ, ಪಾಳಿ, ರಜೆ ಎಲ್ಲವೂ ಇತ್ತು. ಅವರ ಬಗ್ಗೆ ಇದ್ದದ್ದು ಜೊತೆಗೆ ಗಂಡನೂ ಬರುತ್ತಾನೆ ಎಂಬ ಒಂದೇ ಸಾಲು.

ನಮ್ಮಲ್ಲಿ ಜೂನ್‌ನಲ್ಲಿ ಹಿಡಿಯುವ ಮಳೆ ಅಲ್ಲಿ ನವೆಂಬರ್‌ನಲ್ಲಿ ಶುರುವಾಗುತ್ತದೆ. ಏಪ್ರಿಲ್‌ವರೆಗೂ ಇರುತ್ತದೆ. ಮಳೆಯ ಬೆನ್ನಿಗೇ ಮಲೇರಿಯಾ. ಮಕ್ಕಳ ವಾರ್ಡ್ ತುಂಬಿ, ಒಂದೇ ಹಾಸಿಗೆಯಲ್ಲಿ ಇಬ್ಬಿಬ್ಬರನ್ನು ಮಲಗಿಸಬೇಕಾಗುತ್ತದೆ. ಪಾಳಿ ಮುಗಿಸಿ ಮನೆಗೆ ಬಂದಾಗ ನನಗೆ ಮಾತಾಡುವ ತ್ರಾಣವೂ ಇರುತ್ತಿರಲಿಲ್ಲ. ಅವರೋ ಬೆಳಗಿನಿಂದ ಯಾರ ಜೊತೆಯೂ ಕನ್ನಡ ಮಾತಾಡದೆ, ನನಗೆ ಹೇಳಲು ನೂರು ವಿಷಯ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಅನ್ನ ತಿಂದು ಮಲಗಿಬಿಡುತ್ತಿದ್ದೆ. ಒಂದು ರಾತ್ರಿ ಹೇಳಿಯೇ ಬಿಟ್ಟರು: "ವಾರ್ಡಲ್ಲಿ ಯಾವ ಮಗು ಎಷ್ಟು ಗಂಜಿ ಕುಡೀತು ಅಂತ ನಿನಗೆ ಗೊತ್ತು. ನಾನು ಮಧ್ಯಾಹ್ನ ಏನು ತಿಂದೆ ಅಂತ ಕೇಳಿದ್ಯಾ?"

ನಿಜವಾದ ತೊಂದರೆ ಇರುವುದು ಇಲ್ಲೇ. ಅಡಿಕೆ ಸೀಸನ್‌ನಲ್ಲಿ ಮಂಡಿಯವರು ಇವರನ್ನು ರಾತ್ರಿಯವರೆಗೂ ಕೂರಿಸಿಕೊಂಡರೆ ನಾನು ಸಾಹುಕಾರರಿಗೆ ಧಾರಾಳವಾಗಿ ಬೈಯುತ್ತಿದ್ದೆ. ಇವರೂ ದನಿ ಸೇರಿಸುತ್ತಿದ್ದರು. ಇಬ್ಬರೂ ಬೈದು ಹಗುರಾಗಿ ಊಟಕ್ಕೆ ಕೂರುತ್ತಿದ್ದೆವು. ಜ್ವರದಲ್ಲಿ ಬೇಯುತ್ತಿರುವ ಮಗು ನನ್ನನ್ನು ತಡ ಮಾಡಿಸಿದರೆ ಇವರು ಯಾರಿಗೆ ಬೈಯಬೇಕು? ಮಗುವಿಗಾ, ದೇವರಿಗಾ? ಸಿಟ್ಟು ಬಂದದ್ದಕ್ಕೇ ನಾಚಿಕೆಪಟ್ಟು ಸುಮ್ಮನಾಗಬೇಕು. ಹಾಗೆ ನುಂಗಿಕೊಂಡ ಸಿಟ್ಟು ಆಮೇಲೆ ನೀರು ಕಾಯಿಸಿಡಲಿಲ್ಲ, ಸೊಳ್ಳೆಪರದೆ ಸರಿಯಾಗಿ ಸಿಕ್ಕಿಸಲಿಲ್ಲ ಅಂತ ಬೇರೆ ಯಾವುದೋ ದಾರಿಯಲ್ಲಿ ಹೊರಗೆ ಬರುತ್ತದೆ.

"ಪ್ರಾರ್ಥನೆ ಮಾಡ್ತಿರಲಿಲ್ವಾ?" ಎಂದು ಕೇಳುತ್ತೀರಿ. ಮಾಡುತ್ತಿದ್ದೆವು. ಆದರೆ ಒಬ್ಬರು ಕಣ್ಣು ಮುಚ್ಚಿ "ಕರ್ತನೇ, ನನ್ನ ಹೆಂಡತಿಗೆ ತಾಳ್ಮೆ ಕೊಡು" ಎಂದು ಗಟ್ಟಿಯಾಗಿ ಬೇಡಿಕೊಂಡರೆ ಇನ್ನೊಬ್ಬರು ಆಮೆನ್ ಅನ್ನುವುದು ಎಷ್ಟು ಕಷ್ಟ ಅಂತ ಮದುವೆಯಾದವರಿಗೆ ಗೊತ್ತು. ಪ್ರಾರ್ಥನೆಗೆಂದು ಗಂಡ ಹೆಂಡತಿ ಅಗಲಿರುವುದಾದರೂ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಸೇವೆಯ ಹೆಸರಿನಲ್ಲಿ ಹೆಂಡತಿಯನ್ನು ತಿಂಗಳುಗಟ್ಟಲೆ ಮರೆಯುವವರು ಆ ವಚನವನ್ನು ಅಷ್ಟಾಗಿ ಓದುವುದಿಲ್ಲ.

ಬ್ಲಾಂಟೈರ್ ಎಂಬುದು ಆಫ್ರಿಕಾ ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟ್ಲೆಂಡಿನ ಊರಿನ ಹೆಸರು. ಅವರ ಸಾಹಸ ನಮಗೆ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಹೆಂಡತಿ ಮೇರಿಯ ಕತೆ ಯಾರೂ ಹೇಳಲಿಲ್ಲ. ಆಕೆ ಆಫ್ರಿಕಾದಲ್ಲೇ ಹುಟ್ಟಿದ ಮಿಷನರಿಯ ಮಗಳು. 1852ರಲ್ಲಿ ಲಿವಿಂಗ್‌ಸ್ಟನ್ ಆಕೆಯನ್ನೂ ಮಕ್ಕಳನ್ನೂ ಬ್ರಿಟನ್ನಿಗೆ ಹಡಗು ಹತ್ತಿಸಿ ತಾನು ಖಂಡ ದಾಟಲು ಹೊರಟರು. ಮತ್ತೆ ಮುಖ ನೋಡಿದ್ದು 1856ರ ಕೊನೆಗೆ. ಕಡೆಗೆ 1862ರಲ್ಲಿ ಆಕೆ ಗಂಡನ ಜೊತೆಗಿರಬೇಕೆಂದು ಜಾಂಬೆಜಿ ನದಿಯ ತನಕ ಬಂದಳು. ಕೆಲವೇ ತಿಂಗಳಲ್ಲಿ ಜ್ವರದಿಂದ ತೀರಿಕೊಂಡಳು. ಹಡಗಿನಲ್ಲಿ ಕಳಿಸುವ ಕಾಲ ಹೋಯಿತು, ನಿಜ. ಒಂದೇ ಮನೆಯಲ್ಲಿ ಇಟ್ಟುಕೊಂಡೂ ಹಾಗೇ ದೂರ ಕಳಿಸಿಬಿಡಬಹುದು.

ಇನ್ನೊಂದು ಕಷ್ಟ ಎಂದರೆ ಹೇಳಿಕೊಳ್ಳಲು ಜನ ಇಲ್ಲದಿರುವುದು. ಇಲ್ಲಿ ಮುನಿಸಿಕೊಂಡರೆ ಭದ್ರಾವತಿ ಬಸ್ಸು ಹತ್ತಿ ತವರಿಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಅಲ್ಲಿ ಪಕ್ಕದ ಮನೆಯವರೇ ಜೊತೆ ಕೆಲಸದವರು, ಮೇಲಧಿಕಾರಿಯೇ ಭಾನುವಾರ ಪ್ರಸಂಗ ಮಾಡುವವರು. ಊರಿಗೆ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಮಲೇರಿಯಾ ಬರೆಯಬಹುದು, "ನಾವಿಬ್ಬರೂ ಮಾತು ಬಿಟ್ಟಿದ್ದೇವೆ" ಅಂತ ಬರೆಯಲಾಗುತ್ತಾ? ಕಾಣಿಕೆ ಕೊಟ್ಟು ಕಳಿಸಿದವರು ಏನಂದುಕೊಳ್ಳುತ್ತಾರೆ? ಬ್ಲಾಂಟೈರ್‌ನಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿರುವ ಗುಜರಾತಿ ಕುಟುಂಬಗಳಿವೆ. ಬೇಳೆ, ಸಾಸಿವೆ ತರಲು ಹೋದಾಗ ಅಂಥ ಒಂದು ಅಂಗಡಿಯ ಅಮ್ಮನ ಪರಿಚಯವಾಯಿತು. ನಮ್ಮ ಸಭೆಯವರಲ್ಲ, ಮಿಷನ್ನಿಗೆ ಸಂಬಂಧವೂ ಇಲ್ಲ. ಅದಕ್ಕೇ ಅವರ ಹತ್ತಿರ ನನ್ನ ಹರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಆಕೆ ನನಗಿಂತ ಜಾಸ್ತಿ ಇವರ ಪರ ಮಾತಾಡುತ್ತಿದ್ದರು!

ನಮ್ಮನ್ನು ಉಳಿಸಿದ್ದು ಮಾತ್ರ ಔಷಧಿ ಉಗ್ರಾಣ. ಅಲ್ಲಿ ದಾಸ್ತಾನಿನ ಲೆಕ್ಕ ಅಸ್ತವ್ಯಸ್ತವಾಗಿತ್ತು. ಯಾವ ಮಾತ್ರೆ ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸರಿಪಡಿಸಿಕೊಡುತ್ತೀರಾ ಎಂದು ಇವರನ್ನು ಕೇಳಿದರು. ಮೂಟೆಮೂಟೆ ಅಡಿಕೆಯ ಒಳಹೊರಗು ಬರೆದಿಟ್ಟವರಿಗೆ ಅದೇನು ಮಹಾ? ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಕೊಂಡು ನನಗಿಂತ ಮೊದಲೇ ಹೊರಡತೊಡಗಿದರು. ರಾತ್ರಿ ಇಬ್ಬರಿಗೂ ದೂರಲು ಕೆಲಸ ಇತ್ತು, ಬೈಯಲು ಜನ ಇದ್ದರು. ಊಟ ರುಚಿಸತೊಡಗಿತು. ಶಿಕಾರಿಪುರದ ಕಡೆ ಲಾರಿಗಟ್ಟಲೆ ಮಾರುವ ಮೆಕ್ಕೆಜೋಳವೇ ಅಲ್ಲಿನ ದಿನದೂಟ, ಅದರ ಹಿಟ್ಟಿನ ಮುದ್ದೆಯಂಥ ನ್ಸಿಮಾಕ್ಕೆ ಇವರು ಸೊಪ್ಪಿನ ಸಾರು ಮಾಡುವುದನ್ನೂ ಕಲಿತರು.

ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅಕ್ವಿಲ, ಅವನ ಹೆಂಡತಿ ಪ್ರಿಸ್ಕಿಲ್ಲ ಬರುತ್ತಾರಲ್ಲ, ಇಬ್ಬರದೂ ಗುಡಾರ ಮಾಡುವ ಕಸಬು. ಬೈಬಲಿನಲ್ಲಿ ಕೆಲವು ಕಡೆ ಹೆಂಡತಿಯ ಹೆಸರೇ ಮೊದಲು ಬರುತ್ತದೆ. ಕೇರಳದ ತಲಶ್ಶೇರಿಯಲ್ಲಿದ್ದ ಜರ್ಮನ್ ಮಿಷನರಿ ಹರ್ಮನ್ ಗುಂಡರ್ಟ್ ಮಲಯಾಳಂ ಭಾಷೆಯ ಕೆಲಸದಲ್ಲಿ ಮುಳುಗಿದ್ದಾಗ ಹೆಂಡತಿ ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. ಅವರಿದ್ದ ಆಗಿನ ಬಾಸೆಲ್ ಮಿಷನ್ನಿನಲ್ಲಿ ಮಿಷನರಿಗಳು ಮದುವೆಯಾಗಬೇಕೆಂದರೂ ಕಮಿಟಿಯ ಅಪ್ಪಣೆ ಬೇಕಿತ್ತು. ಈಗಿನ ಕಮಿಟಿಗಳು ಅಷ್ಟು ದೂರ ಹೋಗುವುದಿಲ್ಲ, ಆದರೆ ಜೊತೆಗೆ ಹೋಗುವವರು ಅಲ್ಲಿ ಏನು ಮಾಡುತ್ತಾರೆ ಎಂದೂ ಕೇಳುವುದಿಲ್ಲ.

ಆದ್ದರಿಂದ ಈ ವರ್ಷ ಹೊರಡಲು ತಯಾರಾಗಿರುವವರಿಗೆ ನನ್ನ ಉತ್ತರ ಇಷ್ಟೇ. ಹೋಗಿ. ಆದರೆ ಸಹಿ ಹಾಕುವ ಮೊದಲು ಪತ್ರದಲ್ಲಿ ಇಬ್ಬರ ಹೆಸರಿನ ಮುಂದೆಯೂ ಕೆಲಸ ಬರೆದಿದೆಯಾ ನೋಡಿ. ಹಲವು ದೇಶಗಳಲ್ಲಿ ಅವಲಂಬಿತರ ವೀಸಾ ಇದ್ದವರು ಸಂಬಳಕ್ಕೆ ದುಡಿಯುವಂತಿಲ್ಲ, ಅದನ್ನೂ ಮೊದಲೇ ವಿಚಾರಿಸಿ. ವಾರಕ್ಕೊಂದು ಪೂರ್ತಿ ರಜೆ ಇಬ್ಬರಿಗೂ ಒಂದೇ ದಿನ ಬೇಕು ಎಂದು ಕೇಳಿ. ಕೇಳಿದರೆ ಸೇವೆಯ ಮನಸ್ಸಿಲ್ಲ ಅಂದುಕೊಳ್ಳುತ್ತಾರೆ ಅಂತ ಹಿಂಜರಿಯಬೇಡಿ. ಅಂದುಕೊಂಡರೆ ಅಂದುಕೊಳ್ಳಲಿ, ಬರೆಸಿಕೊಂಡೇ ಹೊರಡಿ.