ಶ್ರೀರಂಗಪಟ್ಟಣದ ಮಳೆ, ಲಂಡನ್ನಿನ ನಗು

ಇಂಗ್ಲೆಂಡಿನ ಹಳೇ ಕಾಲದ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅಂದರೆ ಎಲ್ಲರೂ ತೋರಿಸುವುದು 1805ರ ಆ ಚಿತ್ರವನ್ನೇ. ನೆಪೋಲಿಯನ್ ಮತ್ತು ಇಂಗ್ಲೆಂಡಿನ ಪ್ರಧಾನಿ ಪಿಟ್ ಎದುರುಬದುರು ಕೂತು ಭೂಮಿಯನ್ನೇ ಪುಡಿಂಗ್ ಮಾಡಿಕೊಂಡು ಕೊಯ್ಯುತ್ತಿರುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮಂಡ್ಯ ಕಡೆಯವನಾದ ನನಗೆ ಅವನ ಇನ್ನೊಂದು ಚಿತ್ರದ ಮೇಲೆ ಪ್ರೀತಿ ಜಾಸ್ತಿ.

ಅದು ಲಂಡನ್ನಿನಲ್ಲಿ 1791ರ ಡಿಸೆಂಬರ್ 6ರಂದು ಪ್ರಕಟವಾದದ್ದು. ಕೋಟೆ ಗೋಡೆ ಮೇಲೆ ನಿಂತ ಟಿಪ್ಪು, ಕೆಳಗೆ ಓಡುತ್ತಿರುವ ಇಂಗ್ಲಿಷ್ ದಂಡಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸಾಹೇಬರು ಕತ್ತೆ ಏರಿ ಪರಾರಿ! ಚಿತ್ರದ ಹೆಸರು ‘ಮುಂಗಾರು ಬಂತು, ಅಥವಾ ಶ್ರೀರಂಗಪಟ್ಟಣದಿಂದ ಓಟ’ ಅನ್ನೋ ಅರ್ಥದ್ದು. ಮುಂಗಾರು ಎಲ್ಲಿಂದ ಸುರಿಯುತ್ತಿದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಗಿಲ್‌ರೇ ಸುಮ್ನೆ ಕಟ್ಟಿದ ಕತೆಯಲ್ಲ ಇದು. ಆ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್, ಮೇ ಹೊತ್ತಿಗೆ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆ ಹತ್ತಿರದ ಕಾಳಗದಲ್ಲಿ ಮೇಲುಗೈಯೂ ಆಯಿತು. ಆಮೇಲೆ ಮಳೆ ಹಿಡಿಯಿತು. ದಂಡಿಗೆ ದವಸ ಇಲ್ಲ, ದನಕ್ಕೆ ಮೇವಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿಗೆ ವಾಪಸ್ಸು ಹೊರಟ. ಹತ್ತು ವರ್ಷದ ಹಿಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನ್ ಅನ್ನೋ ಊರಲ್ಲಿ ಶರಣಾಗಿದ್ದವನೂ ಇವನೇ. ಲಂಡನ್ನಿನ ಜನ ಅದನ್ನು ಮರೆತಿರಲಿಲ್ಲ.

ಗಿಲ್‌ರೇ ಇಂಡಿಯಾ ಕಂಡವನಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬಂದ ಸುದ್ದಿಯೇ ಅವನಿಗೆ ಆಧಾರ. ತಾಮ್ರದ ತಗಡಿನ ಮೇಲೆ ಉಲ್ಟಾ ಕೊರೆದು ಅಚ್ಚು ಹಾಕಬೇಕು, ಬಣ್ಣ ಕೈಯಲ್ಲೇ ಬಳಿಯಬೇಕು. ಪ್ರಕಟಿಸಿ ಮಾರುತ್ತಿದ್ದವಳು ಹ್ಯಾನಾ ಹಂಫ್ರಿ. ದುಡ್ಡಿದ್ದವರು ಕೊಳ್ಳುತ್ತಿದ್ದರು, ಇಲ್ಲದವರು ಅಂಗಡಿಯ ಕಿಟಕಿ ಮುಂದೆ ಗುಂಪುಗೂಡಿ ಪುಕ್ಕಟೆ ನಗುತ್ತಿದ್ದರು. ಅವರು ನಗುತ್ತಿದ್ದದ್ದು ಟಿಪ್ಪುವನ್ನು ನೋಡಿ ಅಲ್ಲ, ತಮ್ಮದೇ ಸೇನಾಪತಿಯನ್ನು ನೋಡಿ. ಯುದ್ಧ ಇನ್ನೂ ನಡೀತಿದ್ದಾಗಲೇ! ನನಗೆ ಹಿಡಿಸೋದು ಇದೇ.

ಹಾಗಂತ ಗಿಲ್‌ರೇ ದೊಡ್ಡ ಆದರ್ಶವಾದಿ ಏನಲ್ಲ. 1797ರಿಂದ ಸರ್ಕಾರದ ಕಡೆಯಿಂದ ವರ್ಷಕ್ಕೆ 200 ಪೌಂಡ್ ಗುಟ್ಟಾಗಿ ಅವನಿಗೆ ಬರುತ್ತಿತ್ತು.

1792ರಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಟಿಪ್ಪುವಿನ ಇಬ್ಬರು ಸಣ್ಣ ಗಂಡುಮಕ್ಕಳು: ಎಲ್ಲವನ್ನೂ ವಸೂಲಿ ಮಾಡಿದ. ಆಮೇಲೆ ನೋಡಿ, ಆ ಮಕ್ಕಳನ್ನು ಅಪ್ಪನ ಹಾಗೆ ಬರಮಾಡಿಕೊಳ್ಳುವ ದಯಾಳು ಕಾರ್ನ್‌ವಾಲಿಸ್‌ನ ತೈಲಚಿತ್ರಗಳು ಒಂದರ ಹಿಂದೆ ಒಂದು ಬಂದವು. ರಾಬರ್ಟ್ ಹೋಮ್ ಬರೆದದ್ದಂತೂ ದರ್ಬಾರಿನಷ್ಟು ಭರ್ಜರಿ. ಅವನ್ನೆಲ್ಲ ನೋಡಿದಾಗ ನನಗೆ ಆ ಕತ್ತೆ ಎಲ್ಲಿ ಹೋಯಿತು ಅನ್ನಿಸುತ್ತದೆ.