ನಿಮ್ಮ ಊರಲ್ಲಿ ರಸ್ತೆ ಮುಚ್ಚುತ್ತಾ?

"ನಿಮ್ಮ ಊರಲ್ಲಿ ರಸ್ತೆ ಮುಚ್ಚುತ್ತಾ?" ಅಂತ ಆ ಹುಡುಗಿ ಕೇಳಿದಳು.

"ಇಲ್ಲ, ನಮ್ಮಲ್ಲಿ ಹಿಮ ಬೀಳೋದಿಲ್ಲ" ಅಂದೆ.

ಮಾತು ಅಷ್ಟೇ. ಕೇರಳದ ಗಡಿಯೂರು ಮಂಜೇಶ್ವರಕ್ಕೆ ವಾಪಸ್ ಬಂದು ಐದು ದಿನ ಆಯಿತು. ಆ "ಇಲ್ಲ" ಇನ್ನೂ ನನ್ನನ್ನು ಬಿಟ್ಟಿಲ್ಲ.

ಚಿಕ್ಕಮ್ಮನ ಮಗ ಫಿನ್‌ಲ್ಯಾಂಡಿನಲ್ಲಿ ಕೆಲಸದಲ್ಲಿದ್ದಾನೆ. "ಒಮ್ಮೆ ಬಾ ಅಕ್ಕಾ" ಅಂತ ವರ್ಷಗಳಿಂದ ಕರೆಯುತ್ತಿದ್ದ. ಈ ಸಲ ಹೋದೆ. ಉತ್ತರದ ರೊವಾನಿಯೆಮಿ ಊರಿಗೆ ಕರೆದುಕೊಂಡು ಹೋಗಿ, ನನಗೆ ಹೇಳದೆಯೇ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ ಸವಾರಿಗೆ ಹಣ ಕಟ್ಟಿದ್ದ. ನನಗೀಗ 52. ಸ್ಕೂಟರ್ ಕಲಿತದ್ದೇ ನಲವತ್ತು ದಾಟಿದ ಮೇಲೆ, ಶಾಲೆಯ ಮೈದಾನದಲ್ಲಿ. ಕಾರು ಅದಕ್ಕೂ ಆಮೇಲೆ. "ನೀನೇ ಓಡಿಸಬೇಕು, ನಾನು ಹಿಂದೆ ಕೂರ್ತೇನೆ" ಅಂದ.

ಅಲ್ಲಿ ಮೊದಲು ಲೈಸೆನ್ಸ್ ನೋಡುತ್ತಾರೆ. ಆಮೇಲೆ ದಪ್ಪ ಅಂಗಿ, ಬೂಟು, ಹೆಲ್ಮೆಟ್ ಕೊಡುತ್ತಾರೆ. ಗೈಡ್ ಹುಡುಗಿಗೆ ಇಪ್ಪತ್ತೈದು ಇರಬಹುದು. ಎಂಟು ಜನರ ಹೆಲ್ಮೆಟ್ ಪಟ್ಟಿಯನ್ನೂ ತಾನೇ ಎಳೆದು ನೋಡಿದಳು. ಬಲಗೈ ಹೆಬ್ಬೆರಳಿನಿಂದ ಒತ್ತುವ ಪುಟ್ಟ ಲಿವರೇ ಆಕ್ಸಿಲರೇಟರ್. ಬ್ರೇಕ್ ಎಡಗೈಗೆ. ಒಂದು ದಾರವನ್ನು ಮಣಿಕಟ್ಟಿಗೆ ಸಿಕ್ಕಿಸುತ್ತಾರೆ, ಬಿದ್ದರೆ ಅದು ಕಿತ್ತುಬಂದು ಇಂಜಿನ್ ನಿಲ್ಲುತ್ತದೆ. "ಹೆದರಿಕೆ ಆದರೆ ಹೆಬ್ಬೆರಳು ಎತ್ತಿ, ಗಾಡಿ ತಾನೇ ನಿಲ್ಲುತ್ತದೆ" ಅಂದಳು. ಇನ್ನೊಂದು ಮಾತನ್ನು ನನ್ನ ಮುಖ ನೋಡಿಯೇ ಎರಡು ಸಲ ಹೇಳಿದಳು: ಗಾಡಿ ವಾಲಿದರೆ ಕಾಲು ಕೆಳಗೆ ಇಡಬೇಡಿ. ಸ್ಕೂಟರ್ ಓಡಿಸಿದವರಿಗೆ ಕಾಲು ತಾನಾಗಿ ಕೆಳಗೆ ಹೋಗುತ್ತದೆ, ಅಲ್ವಾ? ಅಲ್ಲಿ ಹಾಗೆ ಮಾಡಿದರೆ ಕಾಲು ಮುರಿಯಬಹುದು. ಕಲಿಸುವುದು ಅಂದರೆ ಹೀಗಿರಬೇಕು. ನಾನು ಟೀಚರ್, ನನಗದು ಗೊತ್ತಾಗುತ್ತದೆ. ನಮ್ಮ ಹಿಂದಿನ ಗಾಡಿಯವನು ಅಂತರ ಬಿಡದೆ ಮೈಮೇಲೇ ಬರುತ್ತಿದ್ದ. ಎಲ್ಲರನ್ನೂ ನಿಲ್ಲಿಸಿ, ನಡೆದು ಬಂದು, ದನಿ ಏರಿಸದೆ ಅವನಿಗೆ ಹೇಳಿಹೋದಳು.

ಮೊದಲ ಹತ್ತು ನಿಮಿಷ ಹ್ಯಾಂಡಲ್ ಬಿಗಿಯಾಗಿ ಹಿಡಿದು ಭುಜವೆಲ್ಲ ನೋವು. ಹಿಡಿಕೆಯೊಳಗೆ ಬಿಸಿ ಬರುವ ಹಾಗೆ ಮಾಡಿದ್ದಾರೆ. ಹೊರಗೆ ಮೈನಸ್ 18 ಇದ್ದರೂ ಅಂಗೈ ಬೆವರುತ್ತಿತ್ತು. ಬಯಲಿಗೆ ಬಂದಾಗ ಗೈಡ್ ಕೈ ಎತ್ತಿ ನಿಲ್ಲಿಸಿದಳು. ನಾವು ನಿಂತದ್ದು ನದಿಯ ಮೇಲೆ! ಕೆಮಿಯೊಕಿ. ಯೊಕಿ ಅಂದರೆ ಆ ಭಾಷೆಯಲ್ಲಿ ನದಿ. ನೇತ್ರಾವತಿ ಸೇತುವೆಯಲ್ಲಿ ಬಸ್ಸಿನ ಕಿಟಕಿಯಿಂದ ನೀರು ನೋಡಿ ಕೈ ಮುಗಿಯುವವಳು ನಾನು. ಇಲ್ಲಿ ನೀರಿನ ಮೇಲೆ ಗಾಡಿ ನಿಲ್ಲಿಸಿದ್ದೆ.

ಆಮೇಲೆ ಕಾಡಿನೊಳಗೊಂದು ಮರದ ಗುಡಿಸಲು. ಬೆಂಕಿ, ಬಿಸಿ ಬೆರ್ರಿ ರಸ. ಅಲ್ಲಿ ಈ ಗಾಡಿಯ ಕಥೆ ಹೇಳಿದಳು. ನಾವು ಓಡಿಸಿದ ಲಿಂಕ್ಸ್ ಗಾಡಿ ತಯಾರಾಗುವುದು ಅದೇ ಊರಲ್ಲಿ. ಕಾರ್ಖಾನೆ ಈಗ ಬೊಂಬಾರ್ಡಿಯರ್ ಹೆಸರಿನ ಕಂಪನಿಗೆ ಸೇರಿದ್ದು. ಆ ಬೊಂಬಾರ್ಡಿಯರ್ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಹಳ್ಳಿಯ ಮೆಕ್ಯಾನಿಕ್. ಹಿಮದ ಮೇಲೆ ಓಡುವ ಗಾಡಿಯನ್ನು ಹುಡುಗನಾಗಿದ್ದಾಗಿಂದ ಕಟ್ಟುತ್ತಿದ್ದವನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಯಿತು. ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಅವನ ಗಾಡಿ ಇನ್ನೂ ಓಡುವ ಸ್ಥಿತಿಯಲ್ಲಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ಆಗದೆ ಮಗು ಹೋಯಿತು. 1937ಕ್ಕೆ ತನ್ನ ಗಾಡಿ ಹಿಮದ ಮೇಲೆ ಓಡುವ ವ್ಯವಸ್ಥೆಗೆ ಪೇಟೆಂಟ್ ಪಡೆದು, ಏಳು ಜನ ಕೂರುವ ಗಾಡಿ ಮಾರತೊಡಗಿದ. ಹಳ್ಳಿ ಡಾಕ್ಟರುಗಳು ಅದರಲ್ಲಿ ಓಡಾಡಿದರು.

ಹೇಳಿ ಮುಗಿಸಿ, ಸುಮ್ನೆ ಮಾತಿಗೆ ಅಂತ ನನ್ನ ಕಡೆ ತಿರುಗಿ ಕೇಳಿದಳು. ನಿಮ್ಮ ಊರಲ್ಲಿ ರಸ್ತೆ ಮುಚ್ಚುತ್ತಾ?

ನಾನು ಇಲ್ಲ ಅಂದೆ. ತಮ್ಮ ಪಕ್ಕದಲ್ಲೇ ಇದ್ದ. ಲೋಟದೊಳಗೆ ನೋಡುತ್ತಿದ್ದ.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿದ. "ಮುಚ್ಚಿತ್ತಲ್ಲ ಅಕ್ಕಾ."

2020ರ ಮಾರ್ಚ್, ಕೊರೊನಾ ಲಾಕ್‌ಡೌನ್. ಚಿಕ್ಕಮ್ಮನಿಗೆ ವಾರಕ್ಕೆ ಮೂರು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ನಮಗೆ ಹೆರಿಗೆಯಿಂದ ಹಿಡಿದು ಹೃದಯದವರೆಗೆ ಎಲ್ಲದಕ್ಕೂ ಮಂಗಳೂರೇ. 20 ಚಿಲ್ಲರೆ ಕಿಲೋಮೀಟರ್ ದಾರಿ. ಕರ್ನಾಟಕದ ಗಡಿ ತಲಪಾಡಿಯಲ್ಲಿ ತಡೆದರು. ಒಳದಾರಿ ಹಿಡಿದರೆ ಅಲ್ಲಿ ಟಿಪ್ಪರಿನಿಂದ ಮಣ್ಣು ಸುರಿದು ಗುಡ್ಡೆ ಹಾಕಿದ್ದರು. ತಮ್ಮ ಆ ಕೆಂಪು ಗುಡ್ಡೆಯ ಮುಂದೆ ಕಾರು ನಿಲ್ಲಿಸಿ, ಇಳಿದು, ಕೈಯಿಂದ ಮಣ್ಣು ಎಳೆಯಲು ಶುರುಮಾಡಿದನಂತೆ. ಚಿಕ್ಕಮ್ಮನೇ ಕರೆದು, "ಬಿಡು ಮಗಾ, ಮನೆಗೆ ಹೋಗುವ" ಅಂದರಂತೆ. ಕೇರಳದೊಳಗೇ ಇರುವ ಪರಿಯಾರದ ಆಸ್ಪತ್ರೆಗೆ ಹೋಗೋಣ ಅಂದರೆ 100 ಕಿಲೋಮೀಟರಿನ ಹತ್ತಿರ. ಒಂದು ಸಲ ಹೋದರು, ಎರಡನೇ ಸಲಕ್ಕೆ ಅವರಲ್ಲಿ ಶಕ್ತಿ ಇರಲಿಲ್ಲ. ವಿಷಯ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುತ್ತಾರೆ ಅಂತ ಸುದ್ದಿ ಬರುವಾಗ ಅವರಿರಲಿಲ್ಲ. "ಅವರ ಆಯಸ್ಸೇ ಅಷ್ಟು" ಅಂತ ನೆಂಟರೊಬ್ಬರು ಹೇಳಿದರು. ಅವರ ಮನೆಗೆ ನಾನು ಆಮೇಲೆ ಹೋಗಿಲ್ಲ.

ಎಲ್ಲರಿಗೂ ರೋಗದ ಹೆದರಿಕೆ ಇತ್ತು, ಒಪ್ಪುತ್ತೇನೆ. ಆದರೆ ಹಿಮ ಆಕಾಶದಿಂದ ಬೀಳುತ್ತದೆ. ಮಣ್ಣನ್ನು ಯಾರೋ ಲಾರಿಯಲ್ಲಿ ತಂದು ಸುರಿಯಬೇಕು. 1956ರಲ್ಲಿ ರಾಜ್ಯಗಳ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದಾಗಲೂ ನಾವು ಆ ಕಡೆಯವರನ್ನು ಬೇರೆಯವರು ಅಂದುಕೊಳ್ಳಲಿಲ್ಲ. ಮಕ್ಕಳಿಗೆ ಕನ್ನಡವನ್ನೇ ಕಲಿಸುತ್ತ ಬಂದೆವು. ಅದಕ್ಕೇ ಜಾಸ್ತಿ ನೋವಾಯಿತು.

ಆ ರಾತ್ರಿ ರೂಮಿನಲ್ಲಿ ಬೊಂಬಾರ್ಡಿಯರ್ ಬಗ್ಗೆ ಓದಿದೆ. 1948ರಲ್ಲಿ ಕ್ವಿಬೆಕ್ ಸರ್ಕಾರ ಒಂದು ಕಾನೂನು ಮಾಡಿತಂತೆ: ಹಳ್ಳಿ ರಸ್ತೆಗಳಿಂದಲೂ ಚಳಿಗಾಲದಲ್ಲಿ ಹಿಮ ತೆಗೆಯಲೇಬೇಕು. ಅವನ ಗಾಡಿಗಳ ಮಾರಾಟ ಬಿದ್ದುಹೋಯಿತು. ನಾವು ಓಡಿಸಿದಂಥ ಸಣ್ಣ ಗಾಡಿ ಬಂದದ್ದು ಆಮೇಲೆ, 1959ರಲ್ಲಿ. ಆ ಕಾನೂನಿನ ಸಾಲನ್ನೇ ನಾನು ಮತ್ತೆ ಮತ್ತೆ ಓದಿದೆ. ರಸ್ತೆ ತೆರೆದಿಡಲೇಬೇಕು ಅಂತ ಒಂದು ಸಾಲು.

ಆ ಹುಡುಗಿಗೆ ಯಾಕೆ ಇಲ್ಲ ಅಂದೆ? ಊರಿನ ಮಾನ ಉಳಿಸಲು ಇರಬೇಕು. ಹೇಳಿದ್ದರೆ ಅವಳು ಕೇಳಿಸಿಕೊಳ್ಳುತ್ತಿದ್ದಳು, ಅಂಥವಳು ಅವಳು. ಚಿಕ್ಕಮ್ಮನ ಹೆಸರನ್ನು ಆ ಬೆಂಕಿಯ ಮುಂದೆ ಒಮ್ಮೆ ಹೇಳಬಹುದಿತ್ತು. ತಮ್ಮನೂ ಅದನ್ನೇ ಕಾಯುತ್ತಿದ್ದನೋ ಏನೋ.

ಮೊನ್ನೆ ಗುರುವಾರ ಮಂಗಳೂರಿಗೆ ಹೊರಟೆ. ಈಗ ಆರು ಪಥದ ರಸ್ತೆ. ತಲಪಾಡಿ ಬರುವಾಗ ಬಸ್ಸಿನಿಂದಲೇ ಅವನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀ ಅಕ್ಕಾ?"

"ತಲಪಾಡಿ."

ಸ್ವಲ್ಪ ಹೊತ್ತು ಮಾತಿಲ್ಲ.

"ಬ್ಲಾಕ್ ಉಂಟಾ?"

"ಇಲ್ಲ" ಅಂದೆ. ಬಸ್ಸು ಗೇಟು ದಾಟುವವರೆಗೆ ಅವನು ಫೋನ್ ಇಡಲಿಲ್ಲ.